ವೈರ್ ಕೀಳಬೇಡಿ, 80ಕ್ಕೆ ನಿಲ್ಲಿಸಿ

ವಿಜಯಪುರದ ನಮ್ಮ ಅಂಗಡಿಗೆ ಲ್ಯಾಪ್‌ಟಾಪ್ ಬ್ಯಾಟರಿ ಹೋಯ್ತು ಅಂತ ಬರುವವರಲ್ಲಿ ಬಹಳಷ್ಟು ಜನ ಬೇಕಾಬಿಟ್ಟಿ ಬಳಸಿದವರಲ್ಲ. ಅತಿ ಜೋಪಾನ ಮಾಡಿದವರು. "ಸರ, ಫುಲ್ ಆದಕೂಡ್ಲೇ ವೈರ್ ತಗೀತೀನ್ರಿ, ಪೂರಾ ಖಾಲಿ ಆದಮ್ಯಾಲೇ ಮತ್ತ ಹಚ್ಚತೀನಿ. ಆದ್ರೂ ಯಾಕ್ರಿ ಹಿಂಗಾತು?" ಅಂತ ಕೇಳುತ್ತಾರೆ. ಹಾಗೆ ಮಾಡಿದ್ದಕ್ಕೇ ಬೇಗ ಸವೆಯಿತು ಅಂತ ಹೇಳುವಾಗ ನನಗೇ ಸಂಕಟ ಆಗುತ್ತದೆ. ದಿನಾ ಎದ್ದು ಹೋಗಿ ಸ್ವಿಚ್ ಆರಿಸಿದ್ದೆಲ್ಲ ವ್ಯರ್ಥ ಅಲ್ವಾ?

ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಬೇಕು ಅನ್ನುವುದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಕಾಲದ ಮಾತು. 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಈಗ ನಿಮ್ಮ ಲ್ಯಾಪ್‌ಟಾಪ್ ಒಳಗಿರುವುದು ಅದೇ ಜಾತಿಯದ್ದು. ಇದಕ್ಕೆ ಖಾಲಿ ಆಗುವುದು ಇಷ್ಟವಿಲ್ಲ. 100ರಿಂದ ಸೊನ್ನೆಗೆ ಇಳಿಸಿದಾಗಲೆಲ್ಲ ಒಂದು ಸೈಕಲ್, ಅಂದರೆ ಬ್ಯಾಟರಿಯ ಆಯಸ್ಸಿನ ಒಂದು ಸುತ್ತು, ಖರ್ಚಾಗುತ್ತದೆ, ಮೇಜಿನ ಮೇಲೇ ಇರುವ ಲ್ಯಾಪ್‌ಟಾಪ್‌ಗೆ ಆ ಖರ್ಚೇ ಬೇಕಿಲ್ಲ.

ಹಾಗಾದರೆ ಇಡೀ ದಿನ ವೈರ್ ಹಚ್ಚಿಟ್ಟರೆ ಓವರ್‌ಚಾರ್ಜ್ ಆಗುವುದಿಲ್ಲವೇ? ಆಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಬ್ಯಾಟರಿ ತುಂಬಿದ ಕೂಡಲೇ ಒಳಗಿನ ಸರ್ಕ್ಯೂಟ್ ಚಾರ್ಜಿಂಗ್ ನಿಲ್ಲಿಸುತ್ತದೆ. ಆಮೇಲೆ ಲ್ಯಾಪ್‌ಟಾಪ್ ನಡೆಯುವುದು ನೇರ ಅಡಾಪ್ಟರ್ ಕರೆಂಟಿನಿಂದ. ಬ್ಯಾಟರಿಗೆ ಏಟು ಬೀಳುವುದು ವೈರಿನಿಂದಲ್ಲ, ತುಂಬಿಕೊಂಡೇ ಕೂತಿರುವುದರಿಂದ. 100 ಪರ್ಸೆಂಟ್ ಅಂದರೆ ಸಾಮಾನ್ಯವಾಗಿ ಪ್ರತಿ ಸೆಲ್ ಸುಮಾರು 4.2 ವೋಲ್ಟ್‌ನಲ್ಲಿ ನಿಂತಿರುತ್ತದೆ, 80ರ ಹತ್ತಿರ ಅಂದರೆ ಸುಮಾರು 4 ವೋಲ್ಟ್. ವ್ಯತ್ಯಾಸ ಸಣ್ಣದು ಅನಿಸುತ್ತದೆ, ಆದರೆ ಮೇಲಿನ ವೋಲ್ಟೇಜ್‌ನಲ್ಲಿ ಒಳಗಿನ ರಾಸಾಯನಿಕ ಹಾಳಾಗುವ ವೇಗ ಜಾಸ್ತಿ. ನೀವು ಒಂದು ಕೀಲಿ ಒತ್ತದಿದ್ದರೂ ಅದು ಸವೆಯುತ್ತಲೇ ಇರುತ್ತದೆ. ಆದ್ದರಿಂದ ವೈರ್ ಇರಲಿ ಬಿಡಿ, ಬ್ಯಾಟರಿ ಎಷ್ಟಕ್ಕೆ ನಿಂತಿದೆ ಅನ್ನುವುದನ್ನು ನೋಡಿ.

ಇದಕ್ಕೆ ಬಿಸಿ ಸೇರಿದರೆ ಮುಗಿಯಿತು. ಲಿಥಿಯಂ ಅಯಾನ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿ 40 ಡಿಗ್ರಿಯಲ್ಲಿ ಒಂದು ವರ್ಷ ಸುಮ್ನೆ ಇಟ್ಟರೆ, ಸುಮಾರು ಮೂರನೇ ಒಂದು ಪಾಲು ಶಕ್ತಿ ಶಾಶ್ವತವಾಗಿ ಹೋಗುತ್ತದೆ ಅಂತ ಬ್ಯಾಟರಿ ತಜ್ಞರು ಸಾಮಾನ್ಯವಾಗಿ ಕೊಡುವ ಲೆಕ್ಕ. ಅದೇ ಬಿಸಿಯಲ್ಲಿ 40 ಪರ್ಸೆಂಟ್‌ನಷ್ಟೇ ತುಂಬಿಸಿ ಇಟ್ಟರೆ ಹೋಗುವುದು ಅದರ ಅರ್ಧಕ್ಕಿಂತ ಕಡಿಮೆ. ನಮ್ಮೂರಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು ಗೊತ್ತಲ್ಲ, ಅಂಗಳದಲ್ಲಿ ಕಾಲಿಡಲು ಆಗುವುದಿಲ್ಲ. ಒಮ್ಮೆ ಪರೀಕ್ಷೆಗೆ ಓದುವ ಒಬ್ಬ ಹುಡುಗಿ ಲ್ಯಾಪ್‌ಟಾಪ್ ತಂದಿದ್ದಳು. ತಗಡಿನ ಕೋಣೆ, ಗಾದಿ ಮೇಲೆ ಲ್ಯಾಪ್‌ಟಾಪ್, ಬೆಳಿಗ್ಗೆಯಿಂದ ರಾತ್ರಿವರೆಗೆ ವಿಡಿಯೋ ಪಾಠ, ಚಾರ್ಜ್ ಸದಾ 100. ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗುತ್ತಿರಲಿಲ್ಲ, ಮೌಸ್ ಕೊಡಿ ಸರ ಅಂತ ಕೇಳಲು ಬಂದಿದ್ದಳು. ಮೇಜಿನ ಮೇಲಿಟ್ಟು ಬೆರಳಿಂದ ತಳ್ಳಿದೆ, ಹೊಟ್ಟೆ ಉಬ್ಬಿದ್ದರಿಂದ ತೊಟ್ಟಿಲ ಥರ ತೂಗಿತು. ತಳದ ಮುಚ್ಚಳ ಸ್ಕ್ರೂಗಳ ನಡುವೆ ಬಾಯಿ ಬಿಟ್ಟಿತ್ತು. ಬ್ಯಾಟರಿ ತೆಗೆದು ತೋರಿಸಿದ ಮೇಲೆ ಆಕೆ ಮೌಸಿನ ಮಾತೇ ಎತ್ತಲಿಲ್ಲ.

ಪರಿಹಾರ ಬಹಳ ಸುಲಭ, ದುಡ್ಡೂ ಬೇಡ. ಚಾರ್ಜ್ 80ರ ಹತ್ತಿರವೇ ನಿಲ್ಲುವಂತೆ ಲ್ಯಾಪ್‌ಟಾಪ್‌ನಲ್ಲೇ ಮಿತಿ ಹಾಕಬಹುದು. ಲೆನೊವೊದಲ್ಲಿ ವಾಂಟೇಜ್ ಆ್ಯಪ್ ತೆರೆದು ಕನ್ಸರ್ವೇಶನ್ ಮೋಡ್ ಆನ್ ಮಾಡಿ. ಏಸುಸ್‌ನಲ್ಲಿ ಮೈಏಸುಸ್ ಒಳಗೆ ಬ್ಯಾಟರಿ ಹೆಲ್ತ್ ಅಂತ ಇರುತ್ತದೆ. ಡೆಲ್‌ನಲ್ಲಿ ಬಯೋಸ್‌ನಲ್ಲಿ, ಅಂದರೆ ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್‌ನಲ್ಲಿ, ಸಿಗುತ್ತದೆ, ಎಚ್‌ಪಿಯ ಹಲವು ಮಾಡೆಲ್‌ಗಳಲ್ಲೂ ಅಷ್ಟೇ. ಮಾಡೆಲ್ ಪ್ರಕಾರ ಹೆಸರೂ ಮಿತಿಯೂ ಬದಲಾಗುತ್ತವೆ, ಹಳೆಯ ಕೆಲವದರಲ್ಲಿ ಈ ಸೌಲಭ್ಯವೇ ಇಲ್ಲ. ಅಂಥದ್ದಿದ್ದರೆ ಆಗಾಗ 40ರ ತನಕ ಇಳಿಯಲು ಬಿಟ್ಟು, 80ರ ಸುಮಾರಿಗೆ ವೈರ್ ತೆಗೆಯಿರಿ. ಮರೆತರೆ ಚಿಂತೆ ಇಲ್ಲ, ಗಾದಿ ಮೇಲೆ ಮಾತ್ರ ಇಡಬೇಡಿ.

"80ಕ್ಕೇ ನಿಂತ್ರ ಕರೆಂಟ್ ಹೋದಾಗ ಹೆಂಗ್ರಿ?" ಅನ್ನುವುದು ನಮ್ಮ ಕಡೆ ಎಲ್ಲರ ಪ್ರಶ್ನೆ, ನ್ಯಾಯವಾದದ್ದೇ. ಗಂಟೆ, ಅರ್ಧ ಗಂಟೆ ಹೋದರೆ ಆರೋಗ್ಯವಾಗಿರುವ ಬ್ಯಾಟರಿಗೆ 80 ಧಾರಾಳ ಸಾಕು. ನಾಳೆ ಇಡೀ ದಿನ ಲೈನ್ ಕೆಲಸ ಇದೆ ಅಂತ ಗೊತ್ತಾದರೆ, ಹಿಂದಿನ ರಾತ್ರಿ ಮಿತಿ ತೆಗೆದು ಪೂರ್ತಿ ತುಂಬಿಸಿಕೊಳ್ಳಿ. ಒಂದು ದಿನ 100ಕ್ಕೆ ಹೋದರೆ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಅಲ್ಲೇ ಕೂರಿಸಬೇಡಿ ಅಂತಷ್ಟೇ ನನ್ನ ಕೇಳಿಕೆ.

ಈಗಾಗಲೇ ಉಬ್ಬಿದ್ದರೆ ಯಾವ ಸೆಟ್ಟಿಂಗೂ ಕೆಲಸಕ್ಕೆ ಬಾರದು. ಮುಚ್ಚಳ ಒತ್ತಿ ಸ್ಕ್ರೂ ಬಿಗಿಯಬೇಡಿ, ಸೂಜಿ ಚುಚ್ಚಿ ಗಾಳಿ ತೆಗೆಯಲು ಹೋಗಲೇಬೇಡಿ, ಬೆಂಕಿ ಹತ್ತಬಹುದು. ಆಫ್ ಮಾಡಿ, ವೈರ್ ತೆಗೆದು, ಅಂಗಡಿಗೆ ತನ್ನಿ. ತೆಗೆದ ಬ್ಯಾಟರಿ ಕಸದ ಗಾಡಿಗಲ್ಲ, ಇ-ವೇಸ್ಟ್ ತೆಗೆದುಕೊಳ್ಳುವವರಿಗೇ ಹೋಗಬೇಕು. ಹೊಸದು ಹಾಕಿಸಿದ ದಿನವೇ ಮಿತಿಯನ್ನೂ ಹಾಕಿಸಿಕೊಂಡು ಹೋಗಿ, ಐದು ನಿಮಿಷದ ಕೆಲಸ, ಯಾವ ಅಂಗಡಿಯವರಾದರೂ ಮಾಡಿಕೊಡುತ್ತಾರೆ.