ಗಡ್ಡೆಗೆ ರಕ್ತ ನಿಲ್ಲಿಸಿದ ಮೇಲೂ ಕೀಮೋ ಯಾಕೆ?

ಪ್ರಶ್ನೆ: ನಮ್ಮ ದೊಡ್ಡಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಲಿವರ್‌ಗೂ ಹರಡಿದೆ. ಶಿರಸಿಯಿಂದ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಕೀಮೋ ಹಾಕಿಸುತ್ತೇವೆ. ಈಗ ಬೆವಾಸಿಜುಮಾಬ್ ಅಂತ ಇನ್ನೊಂದು ಔಷಧ ಸೇರಿಸಿದ್ದಾರೆ. ಗಡ್ಡೆಗೆ ಹೊಸ ರಕ್ತನಾಳ ಬೆಳೆಯದ ಹಾಗೆ ಮಾಡುತ್ತದಂತೆ. ರಕ್ತವೇ ಸಿಗದಿದ್ದರೆ ಗಡ್ಡೆ ಸಾಯಬೇಕಲ್ವಾ? ಮತ್ತೆ ಕೀಮೋ ಯಾಕೆ?

ಉತ್ತರ: ತೋಟದವರಿಗೆ ಬಂದಳಿಕೆ ಗೊತ್ತು. ಮಾವಿನ ಕೊಂಬೆಯೊಳಗೆ ತಾನೇ ಬೇರು ಇಳಿಸಿ ನೀರು ಹೀರುತ್ತದೆ. ಕ್ಯಾನ್ಸರ್ ಗಡ್ಡೆ ಅಷ್ಟು ಕಷ್ಟಪಡುವುದಿಲ್ಲ. ಪಕ್ಕದ ರಕ್ತನಾಳಕ್ಕೆ ಹೇಳಿ ಕಳಿಸುತ್ತದೆ. ನಾಳವೇ ಕವಲೊಡೆದು ಅದರ ಬಾಗಿಲಿಗೆ ಬರುತ್ತದೆ.

ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿದರೆ ಒಳಗಿನ ಕೋಶಗಳಿಗೆ ಆಕ್ಸಿಜನ್ ಸಾಲುವುದಿಲ್ಲ. ಹೊಸ ನಾಳ ಸಿಗದಿದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ ಅಂತ ಅಮೆರಿಕದ ಸರ್ಜನ್ ಜೂಡಾ ಫೋಕ್‌ಮನ್ 1971ರಲ್ಲೇ ಬರೆದರು. ಆಗ ನಂಬಿದವರು ಕಡಿಮೆ. ಈಗ ಒಳಗಿನ ಕತೆ ಗೊತ್ತಿದೆ. ಕೋಶದಲ್ಲಿ ಎಚ್‌ಐಎಫ್ ಎಂಬ ಪ್ರೋಟೀನ್ ಇದೆ. ಆಕ್ಸಿಜನ್ ಇದ್ದರೆ ಅದು ತಯಾರಾದ ಹಾಗೇ ಒಡೆದುಹೋಗುತ್ತದೆ, ಇಲ್ಲದಿದ್ದರೆ ಉಳಿದು ಜಾಸ್ತಿಯಾಗುತ್ತದೆ. (ಇದನ್ನು ಬಿಡಿಸಿದ ಮೂವರಿಗೆ 2019ರಲ್ಲಿ ನೊಬೆಲ್ ಬಂತು.) ಎಚ್‌ಐಎಫ್ ಹೆಚ್ಚಿದರೆ ಕೋಶ ವಿಇಜಿಎಫ್ ಎಂಬ ಇನ್ನೊಂದು ಪ್ರೋಟೀನನ್ನು ಹೊರಗೆ ಬಿಡುತ್ತದೆ. ಅದೇ ಕರೆಯೋಲೆ. ಪಕ್ಕದ ನಾಳದ ಒಳಪದರಕ್ಕೆ ಅದು ತಗುಲಿತೋ, ಅಲ್ಲಿಂದ ಚಿಗುರು.

ಇದು ಕ್ಯಾನ್ಸರ್‌ನ ಸ್ವಂತ ವಿದ್ಯೆ ಏನಲ್ಲ. ಗಾಯ ಮಾಯುವಾಗಲೂ ದೇಹ ಇದನ್ನೇ ಮಾಡುತ್ತದೆ. ಆದರೆ ಗಾಯ ಮಾಯಿತು ಅಂದರೆ ಕರೆ ನಿಲ್ಲುತ್ತದೆ. ಗಡ್ಡೆಯ ಕರೆ ನಿಲ್ಲುವುದೇ ಇಲ್ಲ. ಹಾಗಾಗಿ ಅಲ್ಲಿ ಬೆಳೆಯುವ ನಾಳಗಳು ಅಡ್ಡಾದಿಡ್ಡಿ, ಡೊಂಕು, ಸೋರುವಂಥವು.

ಅಬ್ಬಿ ನೀರು ತರುವ ಅಡಿಕೆ ದಂಬೆಯನ್ನು, ಅಂದರೆ ಸೀಳಿದ ಅಡಿಕೆ ಮರದ ಕೊಳವೆಯನ್ನು, ನೆನಪಿಸಿಕೊಳ್ಳಿ. ಸಂದು ಬಿಟ್ಟರೆ ದಾರಿಯಲ್ಲೆಲ್ಲ ಕೆಸರು, ಮನೆಯ ಹಂಡೆಗೆ ಮಾತ್ರ ನೀರಿಲ್ಲ. ಗಡ್ಡೆಯಲ್ಲೂ ಹಾಗೇ. ಸೋರಿದ ದ್ರವ ಸುತ್ತ ತುಂಬಿ ಒತ್ತಡ ಏರುತ್ತದೆ, ರಕ್ತದಲ್ಲಿ ಬಂದ ಕೀಮೋ ಒಳಗೆ ಸರಿಯಾಗಿ ಇಳಿಯುವುದಿಲ್ಲ. ಇನ್ನೊಂದು ಉಪದ್ರವವೂ ಇದೆ. ಆ ಸಂದುಗಳಲ್ಲೇ ಕ್ಯಾನ್ಸರ್ ಕೋಶ ರಕ್ತಕ್ಕೆ ನುಸುಳುತ್ತದೆ. ನುಸುಳಿದವುಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಸಾಯುತ್ತವೆ, ಬದುಕಿದ ಕೆಲವು ಬೇರೆ ಕಡೆ ಬೀಡು ಬಿಡುತ್ತವೆ. ಕರುಳಿನ ರಕ್ತ ಮೊದಲು ಹೋಗುವುದು ಲಿವರ್‌ಗೆ. ದೊಡ್ಡಮ್ಮನಿಗೂ ಅಲ್ಲೇ ಹರಡಿದ್ದು ಸುಮ್ನೆ ಅಲ್ಲ.

ಬೆವಾಸಿಜುಮಾಬ್ ವಿಇಜಿಎಫ್ ಅನ್ನು ದಾರಿಯಲ್ಲೇ ಹಿಡಿದುಹಾಕುತ್ತದೆ. ಆದರೆ ಗಡ್ಡೆಯನ್ನು ಬರೀ ಉಪವಾಸ ಕೆಡವಿ ಕೊಲ್ಲುವುದು ಕಷ್ಟ. ಒಂದು ಕರೆ ಕಟ್ಟಾದರೆ ಎಫ್‌ಜಿಎಫ್‌ನಂಥ ಬೇರೆ ಪ್ರೋಟೀನ್ ಕಳಿಸುತ್ತದೆ. ಲಿವರ್‌ನಲ್ಲಾದರೆ ಮೊದಲೇ ಇರುವ ನಾಳಗಳಿಗೇ ಅಂಟಿಕೊಂಡು ಬೆಳೆಯಲೂಬಹುದು. 2004ರಲ್ಲಿ ಅಮೆರಿಕದಲ್ಲಿ ಹರಡಿದ ಕರುಳಿನ ಕ್ಯಾನ್ಸರ್‌ಗೆ ಈ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದೂ ಕೀಮೋ ಜೊತೆಗೆ ಕೊಡಲಿಕ್ಕೇ. ಯಾಕೆ ಜೋಡಿ ಅನ್ನುವುದಕ್ಕೆ ವಿಜ್ಞಾನಿಗಳು ಕೊಡುವ ಒಂದು ವಿವರಣೆ ನನಗೆ ತುಂಬಾ ಹಿಡಿಸಿದೆ: ವಿಇಜಿಎಫ್ ತಗ್ಗಿದರೆ ಸ್ವಲ್ಪ ದಿನ ಆ ಸೋರುವ ನಾಳಗಳು ಸರಿಹೋಗುತ್ತವೆ. ಆಗ ಕೀಮೋ ಚೆನ್ನಾಗಿ ಒಳಗೆ ಹೋಗುತ್ತದೆ. ಅಂದರೆ ನೀರು ನಿಲ್ಲಿಸುವುದಷ್ಟೇ ಅಲ್ಲ, ದಂಬೆಯ ಸಂದು ಮುಚ್ಚುವುದೂ ಕೆಲಸವೇ.

ವಿಇಜಿಎಫ್ ಮೈಗೆ ಬೇಕಾದದ್ದೂ ಹೌದು. ಅದನ್ನು ತಡೆದರೆ ಬಿಪಿ ಏರಬಹುದು, ಮೂತ್ರದಲ್ಲಿ ಪ್ರೋಟೀನ್ ಹೋಗಬಹುದು, ಗಾಯ ಬೇಗ ಕೂಡುವುದಿಲ್ಲ, ರಕ್ತಸ್ರಾವವೂ ಆಗಬಹುದು. ಹುಬ್ಬಳ್ಳಿಗೆ ಹೋಗುವ ನಡುವೆ ಊರಲ್ಲೇ ಬಿಪಿ ನೋಡಿಸುತ್ತಿರಿ. ಆಪರೇಷನ್‌ಗಿಂತ ಕಡಿಮೆಯೆಂದರೂ ನಾಲ್ಕು ವಾರ ಮೊದಲೇ ಈ ಔಷಧ ನಿಲ್ಲಿಸುತ್ತಾರೆ. ದೊಡ್ಡಮ್ಮ ಹಲ್ಲು ಕೀಳಿಸುತ್ತೇನೆ ಅಂದರೂ ಮೊದಲು ಕ್ಯಾನ್ಸರ್ ಡಾಕ್ಟರಿಗೆ ಒಂದು ಫೋನ್ ಮಾಡಿ.