ಹೌಸಿಂಗ್ ನೀರು ಕುಡಿಯುವುದು ಹೇಗೆ?

ಮಳೆಗಾಲ ಶುರುವಾದರೆ ಸಾಕು, ಖಾನಾಪುರ–ಜಾಂಬೋಟಿ ಕಡೆ ಗಾಡಿ ಓಡಿಸುವವರಲ್ಲಿ ಒಂದೇ ಚರ್ಚೆ. ಯಾರ ಗಾಡಿ ಎಷ್ಟು ಆಳದ ನೀರು ದಾಟುತ್ತದೆ? 2020ರಲ್ಲಿ ಬಂದ ಮಹೀಂದ್ರಾ ಥಾರ್‌ಗೆ ಕಂಪನಿ ಹೇಳುವ ಅಂಕಿ 650 ಮಿಲಿಮೀಟರ್, ಅಂದರೆ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ. ಈ ಮಾತಿನಲ್ಲಿ ಎಲ್ಲರ ಕಣ್ಣೂ ಬಾನೆಟ್ ಮೇಲೆಯೇ. ಏರ್ ಫಿಲ್ಟರ್ ಎಲ್ಲಿದೆ, ಸ್ನಾರ್ಕೆಲ್ (ಇಂಜಿನ್ನಿಗೆ ಮೇಲಿಂದ ಗಾಳಿ ತರುವ ಕೊಳವೆ) ಹಾಕಿಸಬೇಕಾ, ಇಷ್ಟೇ. ಮೊಣಕಾಲುದ್ದ ನೀರಿಗೇ ಪೂರ್ತಿ ಮುಳುಗುವ ಆಕ್ಸಲ್ ಹೌಸಿಂಗ್ ಬಗ್ಗೆ ಯಾರೂ ಕೇಳುವುದಿಲ್ಲ.

ಹಿಂದಿನ ಎರಡು ಚಕ್ರಗಳ ನಡುವೆ ಗಡಿಗೆಯಂಥ ಒಂದು ಉಬ್ಬು ಕಾಣುತ್ತದಲ್ಲ, ಅದೇ. ಒಳಗೆ ಕ್ರೌನ್ ವೀಲ್, ಪಿನಿಯನ್, ಡಿಫರೆನ್ಷಿಯಲ್ ಅನ್ನುವ, ಇಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ತಲುಪಿಸುವ ಗೇರುಗಳು ಇರುತ್ತವೆ. ಗೇರ್ ಆಯಿಲ್ ಹಾಕಿರುತ್ತಾರೆ, ಆದರೆ ಪೂರ್ತಿ ತುಂಬಿರುವುದಿಲ್ಲ. ಆಯಿಲ್ ಮಟ್ಟ ನೋಡುವ ಒಂದು ಬಿರಡೆ ಇರುತ್ತದೆ, ಅದೇ ಲೆವೆಲ್ ಪ್ಲಗ್. ಲೆವೆಲ್ ಪ್ಲಗ್‌ವರೆಗೆ ಮಾತ್ರ ಆಯಿಲ್, ಉಳಿದ ಜಾಗವೆಲ್ಲ ಗಾಳಿ. ಕ್ರೌನ್ ವೀಲ್ ತಿರುಗುವಾಗ ಕೆಳಗಿನ ಆಯಿಲನ್ನು ಎತ್ತಿ ಎಲ್ಲ ಕಡೆ ಎರಚುತ್ತದೆ, ಬೇರಿಂಗಿಗೂ ಅದೇ ಸಿಗುತ್ತದೆ. ಇನ್ನು ಈ ಗೇರುಗಳ ಹಲ್ಲುಗಳು ಸುಮ್ನೆ ಒಂದರ ಮೇಲೊಂದು ಉರುಳುವುದಿಲ್ಲ, ಜೋರಾಗಿ ಉಜ್ಜಿಕೊಂಡೇ ಜಾರುತ್ತವೆ. ಹಾಗಾಗಿ ಬಿಸಿ. ಬೆಳಗಾವಿಯಿಂದ ಲೋಡ್ ಹಾಕಿಕೊಂಡು ಜಾಂಬೋಟಿ ದಾಟಿ, ಮಲಪ್ರಭೆ ಹುಟ್ಟುವ ಕಣಕುಂಬಿಯವರೆಗೆ ನಿಲ್ಲಿಸದೆ ಹೋಗಿ ಹೌಸಿಂಗ್ ಮುಟ್ಟಿ ನೋಡಿ, ಕೈ ತಾನಾಗಿ ಹಿಂದಕ್ಕೆ ಬರುತ್ತದೆ.

ಬಿಸಿಯಾದ ಗಾಳಿ ಹಿಗ್ಗುತ್ತದೆ. ಫ್ರಾನ್ಸಿನ ಝಾಕ್ ಚಾರ್ಲ್ಸ್ ಇದನ್ನು 1780ರ ದಶಕದಲ್ಲೇ ಪರೀಕ್ಷೆ ಮಾಡಿ ನೋಡಿದ್ದ (1783ರಲ್ಲಿ ಹೈಡ್ರೋಜನ್ ತುಂಬಿದ ಬಲೂನಿನಲ್ಲಿ ಕೂತು ಆಕಾಶಕ್ಕೆ ಹಾರಿದವನೂ ಇವನೇ, ಗಾಳಿಯ ಹುಚ್ಚು ಅಂದರೆ ಹೀಗಿರಬೇಕು). ಅದನ್ನು ಲೆಕ್ಕಕ್ಕೆ ಇಳಿಸಿ 1802ರಲ್ಲಿ ಪ್ರಕಟಿಸಿದವನು ಗೇ-ಲುಸಾಕ್. ಉಷ್ಣತೆ ಒಂದು ಡಿಗ್ರಿ ಏರಿದರೆ, ಸೊನ್ನೆ ಡಿಗ್ರಿಯಲ್ಲಿ ಇದ್ದ ಗಾತ್ರದ 273ರಲ್ಲಿ ಒಂದು ಪಾಲು ಹಿಗ್ಗುತ್ತದೆ. ಹಿಗ್ಗಲು ಜಾಗ ಇಲ್ಲದಿದ್ದರೆ ಅದೇ ಲೆಕ್ಕದಲ್ಲಿ ಒತ್ತಡ ಏರುತ್ತದೆ.

ನಮ್ಮ ಹೌಸಿಂಗಿಗೆ ಈ ಲೆಕ್ಕ ಹಾಕೋಣ. ಬೆಳಿಗ್ಗೆ 30 ಡಿಗ್ರಿ ಇತ್ತು, ಓಡಿ ಓಡಿ 80 ಆಯಿತು ಅಂದುಕೊಳ್ಳಿ. ಎಲ್ಲೂ ಕಿಂಡಿ ಇಲ್ಲದಂತೆ ಮುಚ್ಚಿದ್ದರೆ ಒಳಗಿನ ಒತ್ತಡ ಆರರಲ್ಲಿ ಒಂದು ಪಾಲು ಏರುತ್ತದೆ, ಸುಮಾರು 2.4 ಪಿಎಸ್‌ಐ. ಟೈರಿನ ಗಾಳಿ ಮುಂದೆ ಇದು ಏನೂ ಅಲ್ಲ. ಆದರೆ ಇದನ್ನು ತಡೆಯಬೇಕಾದದ್ದು ಟೈರಲ್ಲ, ತಿರುಗುವ ಶಾಫ್ಟಿನ ಸುತ್ತ ಕೂತ ರಬ್ಬರಿನ ಆಯಿಲ್ ಸೀಲ್. ಅದರ ಕೆಲಸ ಆಯಿಲ್ ಸೋರದಂತೆ ನೋಡಿಕೊಳ್ಳುವುದು, ಒತ್ತಡ ಹೊರುವುದಲ್ಲ. ದಿನಾ ಹೀಗೆ ತಳ್ಳಿಸಿಕೊಂಡರೆ ಸೀಲ್ ಬೇಗ ಸವೆದು ಸೋರುತ್ತದೆ. ಸೋರಿದ ಆಯಿಲ್ ಎಲ್ಲಿಗೆ ಹೋಗುತ್ತದೆ ಅಂದರೆ ಬ್ರೇಕ್ ಡ್ರಮ್ಮಿಗೆ, ಅಲ್ಲಿಂದ ಲೈನರಿಗೆ. ಬ್ರೇಕ್ ಹಿಡಿಯುತ್ತಿಲ್ಲ ಅಂತ ಲೈನರ್ ಬದಲಿಸಿದವರು ಎಷ್ಟೋ ಜನ. ಕಾರಣ ಮಾತ್ರ ಮೇಲೆ ಕೂತ ಒಂದು ಸಣ್ಣ ಕ್ಯಾಪಿನಲ್ಲಿ ಇರುತ್ತದೆ.

ಆ ಕ್ಯಾಪೇ ಬ್ರೀದರ್. ಹೌಸಿಂಗಿನ ಕೊಳವೆಯ ಮೇಲೆ, ಬೆರಳ ತುದಿಯಷ್ಟು ಗಾತ್ರ. ಬಿಸಿ ಗಾಳಿ ಹೊರಗೆ ಹೋಗಲು ದಾರಿ, ಕೆಸರು ಒಳಗೆ ಬರದಂತೆ ತಲೆ ಮೇಲೊಂದು ಟೋಪಿ. ಕೆಲವದರಲ್ಲಿ ಸ್ಪ್ರಿಂಗು, ಗುಂಡು ಇದ್ದು ಗಾಳಿ ಹೊರಗೆ ಮಾತ್ರ ಸಲೀಸಾಗಿ ಹೋಗುತ್ತದೆ. ರಸ್ತೆಯಲ್ಲಿ ಓಡುವ ಗಾಡಿಗೆ ಇಷ್ಟು ಸಾಕು. ರಾತ್ರಿ ಗಾಡಿ ನಿಂತು ನಿಧಾನವಾಗಿ ತಣಿದಾಗ ಸಂದಿಯಲ್ಲಿ ಹೇಗೋ ಸ್ವಲ್ಪ ಸ್ವಲ್ಪ ಗಾಳಿ ವಾಪಸ್ ಬರುತ್ತದೆ.

ಹಳ್ಳದಲ್ಲಿ ಈ ನಿಧಾನ ಇರುವುದಿಲ್ಲ. 80 ಡಿಗ್ರಿಯ ಕಬ್ಬಿಣ ತಣ್ಣೀರಿಗೆ ಇಳಿದರೆ ಬೇಗ ತಣಿಯುತ್ತದೆ, ಒಳಗಿನ ಗಾಳಿಯೂ ಕುಗ್ಗುತ್ತದೆ. ಬಿಸಿ ಸಾರು ಹಾಕಿ ಮುಚ್ಚಿದ ಸ್ಟೀಲ್ ಡಬ್ಬಿ ಆರಿದ ಮೇಲೆ ಮುಚ್ಚಳ ತೆಗೆಯಲು ಬರದ ಹಾಗೆ ಕಚ್ಚಿಕೊಳ್ಳುತ್ತದಲ್ವಾ, ಇಲ್ಲೂ ಅದೇ ಸೆಳೆತ. ಮತ್ತೆ ಲೆಕ್ಕ ನೋಡಿ. 80ರಿಂದ 30ಕ್ಕೆ ಪೂರ್ತಿ ಇಳಿದು, ಹೊರಗಿನ ಗಾಳಿ ಒಂಚೂರೂ ಸಿಗದಿದ್ದರೆ ಒಳಗಿನ ಒತ್ತಡ ಹೊರಗಿಗಿಂತ ಸುಮಾರು ಶೇ. 14ರಷ್ಟು ಕಡಿಮೆಯಾಗುತ್ತದೆ. ನೀರಿನ ಅಳತೆಯಲ್ಲಿ ಹೇಳಿದರೆ ಸುಮಾರು ಒಂದೂವರೆ ಮೀಟರ್ ಎತ್ತರದ ಕಂಬಕ್ಕೆ ಸಮ. ಅರ್ಧ ಮೀಟರ್ ಆಳದ ಹಳ್ಳ ತನ್ನ ಆಳದಿಂದ ಎಷ್ಟು ತಳ್ಳುತ್ತದೋ, ಹೌಸಿಂಗ್ ಒಳಗಿನಿಂದ ಅದರ ಮೂರರಷ್ಟು ಎಳೆಯಬಲ್ಲದು. ನಿಜವಾಗಿ ಅಷ್ಟು ಪೂರ್ತಿ ಆಗುವುದು ಅಪರೂಪ, ಆದರೆ ಅದರ ಅರ್ಧವೂ ಸಾಕು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಿನ ಮಿಸ್ತ್ರಿಯೊಬ್ಬರು ಆಯಿಲ್ ಇಳಿಸುವ ಡ್ರೇನ್ ಪ್ಲಗ್ ಬಿಚ್ಚಿ ತೋರಿಸುತ್ತಾ ಇದನ್ನೇ ಒಂದು ಸಾಲಿನಲ್ಲಿ ಹೇಳಿದ್ದರು: "ನೀರ ತಾನ ಹೊಕ್ಕಿಲ್ರಿ ಸರ, ಹೌಸಿಂಗ್ ಎಳಕೊಂಡೈತಿ."

ಎಳೆದುಕೊಳ್ಳುವ ದಾರಿ ಎರಡು. ಒಂದು, ಮುಳುಗಿದ ಬ್ರೀದರ್. ಇನ್ನೊಂದು, ಅದೇ ಆಯಿಲ್ ಸೀಲ್. ಸೀಲಿನ ತುಟಿ ಒಳಗಿನ ಆಯಿಲ್ ಕಡೆ ಮುಖ ಮಾಡಿರುತ್ತದೆ. ಒಳಗಿಂದ ಒತ್ತಿದರೆ ಶಾಫ್ಟಿಗೆ ಇನ್ನಷ್ಟು ಬಿಗಿಯಾಗಿ ಕೂರುತ್ತದೆ, ಹೊರಗಿಂದ ಒತ್ತಿದರೆ ಎದ್ದು ದಾರಿ ಬಿಡುತ್ತದೆ. ಹಾಗಾಗಿ ಬ್ರೀದರಿಗೆ ಎಂಸೀಲ್ ಮೆತ್ತಿ ಮುಚ್ಚಿಬಿಟ್ಟರೆ ನೀರು ಬರುವುದಿಲ್ಲ ಅನ್ನುವ ಐಡಿಯಾ ಇದೆಯಲ್ಲ, ಅದು ಕೆಲಸಕ್ಕೆ ಬರುವುದಿಲ್ಲ. ಕೆಲಸ ಪೂರ್ತಿ ಸೀಲಿನ ಮೇಲೆ ಬೀಳುತ್ತದೆ.

ಮುಚ್ಚುವ ಕೆಲಸವನ್ನು ನಾವು ಮಾಡದಿದ್ದರೂ ನಮ್ಮ ಎರೆ ಮಣ್ಣು ಮಾಡುತ್ತದೆ. ವಿಜಯಪುರದ ಡೋಣಿ ನದಿ ಸಾಲಿನಲ್ಲಿ, ಬಾಗಲಕೋಟೆಯ ಹೊಲದ ದಾರಿಗಳಲ್ಲಿ ಮಳೆಗಾಲದಲ್ಲಿ ಓಡಿದ ಯಾವ ಗಾಡಿಯ ಕೆಳಗೆ ಬೇಕಾದರೂ ಬಗ್ಗಿ ನೋಡಿ. ಬ್ರೀದರ್ ಇದ್ದ ಜಾಗದಲ್ಲಿ ಒಂದು ಕರೀ ಉಂಡೆ ಇರುತ್ತದೆ. ಕೆರೆದು ತೆಗೆದು ಟೋಪಿಯನ್ನು ಎರಡು ಬೆರಳಲ್ಲಿ ಹಿಡಿದು ಅಲುಗಾಡಿಸಿ. ಟೋಪಿ ಸಡಿಲ ಇರುವ ಜಾತಿಯದಾದರೆ ಗಿರ್ರನೆ ತಿರುಗಬೇಕು. ತಿರುಗದಿದ್ದರೆ ಬಿಚ್ಚಿ ಡೀಸೆಲ್‌ನಲ್ಲಿ ನೆನೆಸಿ, ಗಾಳಿ ಹೊಡೆದು ಹಾಕಿ. ಐದು ನಿಮಿಷದ ಕೆಲಸ, ಯಾವ ಸರ್ವಿಸಿನ ಪಟ್ಟಿಯಲ್ಲೂ ನಾನು ಇದನ್ನು ನೋಡಿಲ್ಲ.

ನೀರಿಗೆ ಇಳಿಯುವ ಗಾಡಿಗೆ ಪರಿಹಾರ ಸರಳ. ಕ್ಯಾಪ್ ತೆಗೆದು ನಿಪ್ಪಲ್ ಹಾಕಿ, ಅದಕ್ಕೆ ಪೈಪ್ ಸಿಕ್ಕಿಸಿ, ಪೈಪಿನ ತುದಿಯನ್ನು ನೀರು ಮುಟ್ಟದಷ್ಟು ಮೇಲೆ ಒಯ್ಯುವುದು. ಆಗ ಹೌಸಿಂಗ್ ಎಳೆದುಕೊಳ್ಳುವುದು ನೀರನ್ನಲ್ಲ, ಗಾಳಿಯನ್ನು. ಒಳಗೆ ಹೊರಗೆ ಒತ್ತಡ ಸರಿಸಮ, ಸೀಲಿಗೂ ನೆಮ್ಮದಿ. ಹೊಂದುವ ಥ್ರೆಡ್ಡಿನ ನಿಪ್ಪಲ್ ಸಿಗದಿದ್ದರೆ ಉದ್ಯಮಬಾಗಿನ ಯಾವುದಾದರೂ ಲೇಥ್ ಅಂಗಡಿಯಲ್ಲಿ ಹಳೆಯ ಬ್ರೀದರ್ ತೋರಿಸಿದರೆ ನಿಪ್ಪಲ್ ಮಾಡಿಕೊಡುತ್ತಾರೆ. ಪೈಪ್ ಆಯಿಲ್ ತಡೆಯುವ ಜಾತಿಯದಾಗಿರಲಿ, ನಲ್ಲಿಗೆ ಹಾಕುವ ಪ್ಲಾಸ್ಟಿಕ್ ಪೈಪ್ ಬಿಸಿಗೆ ಮೆತ್ತಗಾಗಿ ಮಡಚಿಕೊಳ್ಳುತ್ತದೆ. ಸೈಲೆನ್ಸರಿನಿಂದ ದೂರ, ಚಾಸಿಸ್ಸಿನ ಜೊತೆ ಕಟ್ಟಿಕೊಂಡು ಇಂಜಿನ್ ಕಡೆ ಒಯ್ದು, ಬಾನೆಟ್ ಒಳಗೆ ಆದಷ್ಟು ಎತ್ತರದಲ್ಲಿ ತುದಿಯನ್ನು ಕೆಳಮುಖ ಮಾಡಿ ಕಟ್ಟಿ. ತುದಿಗೆ ಬೈಕಿನ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿದರೆ ಧೂಳಿಗೂ ತಡೆ.

ಹೆಚ್ಚಿನವರು ಎಡವುವುದು ಪೈಪಿನ ಉದ್ದದಲ್ಲಿ. ಗಾಡಿ ನಿಂತಿದ್ದಾಗ ಅಳೆದು ಬಿಗಿಯಾಗಿ ಕಟ್ಟುತ್ತಾರೆ. ಗುಂಡಿಗೆ ಚಕ್ರ ಇಳಿದಾಗ ಆಕ್ಸಲ್ ಅರ್ಧ ಅಡಿ ಕೆಳಗೆ ಜಾರುತ್ತದೆ, ಪೈಪ್ ಟಕ್ಕನೆ ಕಿತ್ತು ಬರುತ್ತದೆ. ಜಾಕ್ ಕೊಟ್ಟು ಚಾಸಿಸ್ ಎತ್ತಿ, ಆಕ್ಸಲ್ ಪೂರ್ತಿ ಜೋತುಬಿದ್ದಾಗ ಅಳೆಯಬೇಕು. ಹಾಗಂತ ಜಾಸ್ತಿ ಬಿಟ್ಟು ಮಧ್ಯೆ ಜೋಲು ಬಿದ್ದರೆ ಆ ತಗ್ಗಿನಲ್ಲಿ ಆಯಿಲ್, ತೇವ ಸೇರಿ ದಾರಿ ಕಟ್ಟುತ್ತದೆ. ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸುಗಳಿಗೂ (ಇದು ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಪೆಟ್ಟಿಗೆ) ಬ್ರೀದರ್ ಇರುತ್ತದೆ. ಎಲ್ಲವನ್ನೂ ‘T’ ಆಕಾರದ ಜೋಡಣೆ ಹಾಕಿ ಒಂದೇ ಪೈಪಿಗೆ ಸೇರಿಸುವವರಿದ್ದಾರೆ. ನೋಡಲು ಚೆಂದ. ಆದರೆ ಒಂದು ಕಡೆ ಪೈಪ್ ಕಿತ್ತರೆ ನೀರು ಎಲ್ಲದಕ್ಕೂ ಹಂಚಿಹೋಗಬಹುದು. ನನ್ನ ಮತ ಬೇರೆ ಬೇರೆ ಪೈಪಿಗೆ.

ಇದೆಲ್ಲ ಆಫ್‌ರೋಡ್ ಶೋಕಿಯವರ ತಲೆನೋವು ಅಂದುಕೊಳ್ಳಬೇಡಿ. ನಮ್ಮ ಕಡೆ ಖಂಡೆ ಪೂಜೆಯ (ಆಯುಧ ಪೂಜೆ) ಹಿಂದಿನ ದಿನ ಟ್ರ್ಯಾಕ್ಟರುಗಳೆಲ್ಲ ಹೊಳೆಗೋ ಕೆನಾಲಿಗೋ ಇಳಿಯುತ್ತವೆ. ಹೊಲದಿಂದ ನೇರ ಬಂದ ಬಿಸಿ ಗಾಡಿ, ಆಕ್ಸಲ್ ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿ ಆರಾಮಾಗಿ ತೊಳೆಯುವುದು. ಹಳ್ಳ ದಾಟುವ ಜೀಪು ಒಂದೆರಡು ನಿಮಿಷದಲ್ಲಿ ಆಚೆ ದಡ ಸೇರುತ್ತದೆ, ಇದು ನಿಂತಲ್ಲೇ ತಣಿಯುತ್ತದೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರು, ಡಿಫರೆನ್ಷಿಯಲ್, ಹೈಡ್ರಾಲಿಕ್ ಎಲ್ಲಕ್ಕೂ ಒಂದೇ ಆಯಿಲ್, ಹತ್ತಾರು ಲೀಟರ್. ನೀರು ಸೇರಿದರೆ ಅಷ್ಟೂ ಚೆಲ್ಲಬೇಕು, ಕಬ್ಬಿನ ಸೀಸನ್ ಬಾಗಿಲಲ್ಲಿ ನಿಂತಾಗ. ಪೂಜೆಗೆ ತೊಳೆಯಬೇಡಿ ಅನ್ನಲ್ಲ. ಗಂಟೆ ಹೊತ್ತು ನೆರಳಲ್ಲಿ ನಿಲ್ಲಿಸಿ, ಮುಟ್ಟಿದರೆ ಬಿಸಿ ಹತ್ತದಷ್ಟು ಆರಿದ ಮೇಲೆ ಇಳಿಸಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಮುಂದೆಯೂ ಇದೇ ಮಾತು, ಗನ್ನನ್ನು ನೇರ ಬ್ರೀದರಿಗೆ ಹಿಡಿಯಲು ಬಿಡಬೇಡಿ.

ಒಂದು ವಿಷಯ ಸ್ಪಷ್ಟ ಇರಲಿ. ಕೃಷ್ಣೆ ಏರಿ ಕಲ್ಲೋಳ–ಯಡೂರ ಸೇತುವೆ ಮುಳುಗಿದಾಗ ಅದರ ಮೇಲೆ ಹೋಗಲು ಯಾವ ಬ್ರೀದರೂ ಸಹಾಯ ಮಾಡುವುದಿಲ್ಲ. ಅಲ್ಲಿ ಸಮಸ್ಯೆ ಹರಿವಿನದು.

ನೀರು ಹೊಕ್ಕಿದೆ ಅನ್ನುವ ಅನುಮಾನ ಇದ್ದರೆ ಗಾಡಿಯನ್ನು ಒಂದು ರಾತ್ರಿ ಸಮತಟ್ಟಾಗಿ ನಿಲ್ಲಿಸಿ. ಆಯಿಲಿಗಿಂತ ನೀರು ಭಾರ, ತಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಡ್ರೇನ್ ಪ್ಲಗ್ ನಿಧಾನ ಸಡಿಲಿಸಿದರೆ ಮೊದಲು ಬರುವುದು ನೀರೇ. ಅಷ್ಟರೊಳಗೆ ಓಡಿಸಿಬಿಟ್ಟಿದ್ದರೆ ಗೇರುಗಳು ಎರಡನ್ನೂ ಕಡೆದು ಆಯಿಲ್ ಬೆಳ್ಳಗೆ ಮಬ್ಬಾಗಿ ಬರುತ್ತದೆ. ಅದು ಮತ್ತೆ ಸರಿಹೋಗುತ್ತದೆ ಅಂತ ಕಾಯಬೇಡಿ. ನೀರು ಸೇರಿದ ಆಯಿಲ್ ಗೇರಿನ ಹಲ್ಲುಗಳ ನಡುವೆ ಪದರವಾಗಿ ನಿಲ್ಲುವುದಿಲ್ಲ, ಬೇರಿಂಗಿನ ಮೇಲೆ ತುಕ್ಕಿನ ಚುಕ್ಕೆ ಮೂಡುತ್ತದೆ, ಆಮೇಲೆ ಹೂಂ ಅನ್ನುವ ಸದ್ದು ಶುರು. ಪೂರ್ತಿ ಖಾಲಿ ಮಾಡಿ, ಕಡಿಮೆ ಬೆಲೆಯ ಗೇರ್ ಆಯಿಲ್ ಹಾಕಿ ಸ್ವಲ್ಪ ದೂರ ಓಡಿಸಿ, ಅದನ್ನೂ ಇಳಿಸಿ, ಆಮೇಲೆ ಒಳ್ಳೆಯದನ್ನು ಹಾಕುವುದು ಸರಿ.

ಪೈಪ್ ಹಾಕಿಸಿಕೊಂಡವರು ಆಗಾಗ ಬಾನೆಟ್ ಎತ್ತಿ ಅದರ ತುದಿ ನೋಡುತ್ತಿರಿ. ಅಲ್ಲಿ ಆಯಿಲ್ ಜಿನುಗಿದ್ದರೆ ಯಾರೋ ಲೆವೆಲ್ಲಿಗಿಂತ ಜಾಸ್ತಿ ತುಂಬಿದ್ದಾರೆ, ಇಲ್ಲವೇ ಒಳಗೆ ಸೇರಿದ ನೀರು ಲೆವೆಲ್ ಏರಿಸಿದೆ. ಲೆವೆಲ್ ಪ್ಲಗ್ ಬಿಚ್ಚಿ ಬೆರಳಿಗೆ ಹತ್ತಿದ ಆಯಿಲಿನ ಬಣ್ಣ ನೋಡಿದರೆ ಎರಡರಲ್ಲಿ ಯಾವುದು ಅಂತ ಅಲ್ಲೇ ಗೊತ್ತಾಗುತ್ತದೆ.