ವಿರೋಧಿಗಳೇ ಕರೆದು ಕೊಟ್ಟ ಹುದ್ದೆ

"ಸರ್, ಪಾರ್ಟಿಯಲ್ಲಿದ್ದವರನ್ನು ರಾಜ್ಯಪಾಲರನ್ನಾಗಿ ಮಾಡಿದರೆ ಅವರು ತಟಸ್ಥವಾಗಿ ಇರೋಕಾಗುತ್ತಾ?" ನನ್ನ ಆಫೀಸಿಗೆ ಹೊಸದಾಗಿ ಸೇರುವ ಜೂನಿಯರ್ ವಕೀಲರೆಲ್ಲ ಇದನ್ನು ಒಮ್ಮೆ ಕೇಳೇ ಕೇಳುತ್ತಾರೆ. ಆಗೆಲ್ಲ ನಾನು ಕೆನಡಾದ ಗವರ್ನರ್ ಜನರಲ್ (ರಾಣಿಯ ಪ್ರತಿನಿಧಿ, ನಮ್ಮ ರಾಜ್ಯಪಾಲರಂಥದೇ ಹುದ್ದೆ) ಆಗಿದ್ದ ರೋಲಂಡ್ ಮಿಚೆನರ್ ಬಗ್ಗೆ ಹೇಳುತ್ತೇನೆ.

ಮಿಚೆನರ್ ಹುಟ್ಟಿದ್ದು 1900ರಲ್ಲಿ, ಈಗಿನ ಆಲ್ಬರ್ಟಾ ಪ್ರಾಂತ್ಯದ ಲಾಕೋಂಬ್ ಎಂಬಲ್ಲಿ. ಓದಿದ್ದು ಆಕ್ಸ್‌ಫರ್ಡ್‌ನಲ್ಲಿ, ವಕೀಲಿ ಮಾಡಿದ್ದು ಟೊರೊಂಟೊದಲ್ಲಿ. ಪಕ್ಷ ಪ್ರೊಗ್ರೆಸಿವ್ ಕನ್ಸರ್ವೇಟಿವ್. ಚುನಾವಣೆಗಳಲ್ಲಿ ಸೋತು, ಗೆದ್ದು, 1953ರಲ್ಲಿ ಸಂಸತ್ತಿಗೆ ಬಂದರು. 1957ರಲ್ಲಿ ಅವರ ಪಕ್ಷದ ಡೀಫೆನ್‌ಬೇಕರ್ ಪ್ರಧಾನಿಯಾದಾಗ ಇವರು ಸ್ಪೀಕರ್ ಆದರು.

ನನಗೆ ಮುಖ್ಯ ಅನಿಸೋದು ಆಮೇಲಿನ ಐದು ವರ್ಷ. ಮಿಚೆನರ್ ವಿರೋಧ ಪಕ್ಷದವರಿಗೂ ಸರಿಯಾಗಿ ಮಾತಾಡಲು ಬಿಟ್ಟರು. ಅವರ ರೂಲಿಂಗ್‌ಗಳು ಎಷ್ಟೋ ಸಲ ಸ್ವಂತ ಪ್ರಧಾನಿಗೇ ಹಿಡಿಸಲಿಲ್ಲ. 1962ರಲ್ಲಿ ಕ್ಷೇತ್ರದಲ್ಲಿ ಸೋತರು. ರಾಜಕೀಯ ಅಲ್ಲಿಗೆ ಮುಗಿಯಿತು ಅನ್ನಬೇಕು.

ಆದರೆ ಮುಂದೆ ಅಧಿಕಾರಕ್ಕೆ ಬಂದ, ಎದುರಾಳಿ ಲಿಬರಲ್ ಪಕ್ಷದ ಪ್ರಧಾನಿ ಪಿಯರ್ಸನ್ 1964ರಲ್ಲಿ ಇವರನ್ನು ಭಾರತಕ್ಕೆ ಹೈಕಮಿಷನರ್ (ರಾಯಭಾರಿ) ಆಗಿ ಕಳಿಸಿದರು. 1967ರ ಮಾರ್ಚಿನಲ್ಲಿ ಗವರ್ನರ್ ಜನರಲ್ ವಾನಿಯೆ ತೀರಿಕೊಂಡಾಗ ಮಿಚೆನರ್ ದೆಹಲಿಯಲ್ಲೇ ಇದ್ದರು. ಏಪ್ರಿಲ್‌ನಲ್ಲಿ ಆ ಜಾಗಕ್ಕೆ ಅವರೇ ಬಂದರು. ಆಗ ನೇಮಿಸುತ್ತಿದ್ದುದು ಕೆನಡಾಕ್ಕೂ ರಾಣಿಯಾಗಿದ್ದ ಎರಡನೇ ಎಲಿಜಬೆತ್, ಹೆಸರು ಸೂಚಿಸುತ್ತಿದ್ದುದು ಕೆನಡಾದ ಪ್ರಧಾನಿ. ಪಿಯರ್ಸನ್, ಮಿಚೆನರ್ ಆಕ್ಸ್‌ಫರ್ಡ್ ದಿನಗಳಿಂದಲೂ ಗೆಳೆಯರು, ಅದನ್ನು ಮುಚ್ಚಿಡಬಾರದು. ಬರೀ ಗೆಳೆತನಕ್ಕೆ ಕೊಟ್ಟರು ಅಂತ ಯಾರಾದರೂ ವಾದಿಸಿದರೆ, ನಾನು ಸ್ಪೀಕರ್ ಪೀಠದ ಆ ಐದು ವರ್ಷವನ್ನೇ ಸಾಕ್ಷಿಗೆ ಕರೆಯುತ್ತೇನೆ.

ಹುದ್ದೆ ಬರೀ ಅಲಂಕಾರದ್ದಾಗಿರಲಿಲ್ಲ. 1970ರ ಅಕ್ಟೋಬರ್‌ನಲ್ಲಿ ಕ್ವಿಬೆಕ್‌ನ ಪ್ರತ್ಯೇಕತಾವಾದಿಗಳು ಬ್ರಿಟಿಷ್ ರಾಜತಾಂತ್ರಿಕರೊಬ್ಬರನ್ನೂ ಪ್ರಾಂತ್ಯದ ಮಂತ್ರಿಯೊಬ್ಬರನ್ನೂ ಅಪಹರಿಸಿದರು. ಆಗ ಸಂಪುಟದ ಸಲಹೆಯಂತೆ, ಸರ್ಕಾರಕ್ಕೆ ವಿಶೇಷ ಅಧಿಕಾರ ಕೊಡುವ ಯುದ್ಧಕಾಲದ ಕಾನೂನು ಜಾರಿಯಾಯಿತು. ಘೋಷಣೆ ಹೊರಟದ್ದು ಗವರ್ನರ್ ಜನರಲ್ ಹೆಸರಲ್ಲಿ. ಇಲ್ಲಿ ಅವರಿಗೆ ಸ್ವಂತ ಆಯ್ಕೆ ಇತ್ತು ಅಂತ ತಿಳಿಯಬೇಡಿ.

1972ರ ಚುನಾವಣೆ ಇನ್ನೂ ಸ್ವಾರಸ್ಯ. 264 ಸ್ಥಾನಗಳಲ್ಲಿ ಆಗಿನ ಪ್ರಧಾನಿ ಪಿಯೇರ್ ಟ್ರುಡೊ ಅವರ ಲಿಬರಲ್ ಪಕ್ಷಕ್ಕೆ 109, ಕನ್ಸರ್ವೇಟಿವ್‌ಗೆ 107. ಇಂಥ ಹೊತ್ತಲ್ಲಿ ಗವರ್ನರ್ ಜನರಲ್ ತಾವೇ ತಲೆ ಎಣಿಸೋಕೆ ಕೂತರೆ ಕಥೆ ಕೆಡುತ್ತದೆ. ಅಲ್ಲಿನ ರೂಢಿ ಹೇಗೆಂದರೆ, ಅಧಿಕಾರದಲ್ಲಿರುವ ಪ್ರಧಾನಿಗೆ ಸದನ ಎದುರಿಸುವ ಹಕ್ಕಿದೆ, ಬೀಳಿಸುವುದಿದ್ದರೆ ಸದನವೇ ಬೀಳಿಸಲಿ. ಹಾಗೇ ಆಯಿತು. ಎಡಪಂಥದ ಸಣ್ಣ ಪಕ್ಷ ಎನ್‌ಡಿಪಿಯ ಬೆಂಬಲದಿಂದ ಟ್ರುಡೊ ಉಳಿದುಕೊಂಡರು. ಬಹುಮತದ ಪರೀಕ್ಷೆ ರಾಜಭವನದಲ್ಲಲ್ಲ, ಸದನದಲ್ಲಿ ಅಂತ ನಮ್ಮ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದ್ದು 1994ರಲ್ಲಿ, ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ. ಜೂನಿಯರ್‌ಗಳಿಗೆ ಎರಡನ್ನೂ ಒಟ್ಟಿಗೆ ಓದಿ ಅಂತೀನಿ.

1974ರ ಜನವರಿಯಲ್ಲಿ ಮಿಚೆನರ್ ನಿವೃತ್ತರಾದರು. ಅವರಿಗೆ ಜಾಗಿಂಗ್ ಹುಚ್ಚು. ಆಲ್ಬರ್ಟಾದಲ್ಲಿ ಅವರ ಹೆಸರಿಟ್ಟ ಒಂದು ಪರ್ವತವಿದೆ. 82ನೇ ವಯಸ್ಸಿನಲ್ಲಿ ಅದನ್ನೂ ಹತ್ತಿ ಬಂದರು.